ಶಸ್ತ್ರಚಿಕಿತ್ಸೆಗೆ ಮುನ್ನ ಕ್ರೈಸ್ತ ಮನೆಯ ಸಿದ್ಧತೆ

ಹೃದಯದ ಕೆಳಗಿನ ಎರಡು ಕೋಣೆಗಳ ನಡುವಣ ಗೋಡೆಯಲ್ಲಿ ರಂಧ್ರವಿದ್ದು, ಶ್ವಾಸಕೋಶಕ್ಕೆ ರಕ್ತ ಸಾಗುವ ದಾರಿಯೂ ಕಿರಿದಾಗಿರುವುದರಿಂದ, ಅತ್ತಾಗ ಮಗುವಿನ ತುಟಿ, ಉಗುರುಗಳು ನೀಲಿಗಟ್ಟುವ ಹುಟ್ಟುದೋಷವನ್ನು ವೈದ್ಯರು ಟೆಟ್ರಾಲಜಿ ಆಫ್ ಫ್ಯಾಲೊ, ಅಂದರೆ ನಾಲ್ಕು ದೋಷಗಳ ಕೂಟ, ಎನ್ನುತ್ತಾರೆ. ಇದನ್ನು ಸರಿಪಡಿಸಲು ಸಾಮಾನ್ಯವಾಗಿ ಮೊದಲ ವರ್ಷದೊಳಗೇ ಎದೆ ತೆರೆದು ಶಸ್ತ್ರಚಿಕಿತ್ಸೆ ಮಾಡುತ್ತಾರೆ.

ಮಂಗಳೂರಿನ ಕಥೋಲಿಕ ಕುಟುಂಬವೊಂದಕ್ಕೆ ಇಂಥ ದಿನ ನಿಗದಿಯಾದರೆ ಬಿಕರ್ನಕಟ್ಟೆಯ ಬಾಲಯೇಸುವಿನ ಪುಣ್ಯಕ್ಷೇತ್ರಕ್ಕೆ ಹರಕೆ ಹೊರುವುದು ಸಹಜವೇ. ಆದರೆ ಧರ್ಮಸಭೆಯ ನಿಯಮ ಮೊದಲು ಕೇಳುವುದು ಮಗುವಿಗೆ ದೀಕ್ಷಾಸ್ನಾನವಾಗಿದೆಯೇ ಎಂದು. ಪ್ರಾಣಾಪಾಯದಲ್ಲಿರುವ ಶಿಶುವಿಗೆ ಅದನ್ನು ತಡಮಾಡದೆ ಕೊಡಬೇಕು, ಗುರುಗಳು ಸಿಗದಿದ್ದರೆ ಸರಿಯಾದ ಉದ್ದೇಶವುಳ್ಳ ಯಾರೇ ಆದರೂ, ದಾದಿಯೂ ಸಹ, ನೀರು ಸುರಿದು ತ್ರಯೇಕ ದೇವರ ಹೆಸರಿನಲ್ಲಿ ಕೊಡಬಹುದು. ಗಂಭೀರ ಶಸ್ತ್ರಚಿಕಿತ್ಸೆಗೆ ಮುನ್ನ ಹಣೆಗೂ ಅಂಗೈಗೂ ಪವಿತ್ರ ತೈಲ ಹಚ್ಚುವ ಸಂಸ್ಕಾರವನ್ನು ಹಲವರು ಇಂದಿಗೂ ಸಾವಿನ ಮುನ್ಸೂಚನೆಯೆಂದು ಹೆದರುತ್ತಾರಾದರೂ, ಎರಡನೆಯ ವ್ಯಾಟಿಕನ್ ಮಹಾಸಭೆ (1962–65) ಅದು ಸಾಯುವವರಿಗಷ್ಟೇ ಮೀಸಲಲ್ಲವೆಂದು ಸ್ಪಷ್ಟಪಡಿಸಿತು. ಆದರೆ ಅದು ವಿವೇಚನೆ ಮೂಡಿದ ಮಕ್ಕಳಿಗೆ ಮಾತ್ರ. ಸಭೆಯ ಕಾನೂನು ಆ ವಯಸ್ಸನ್ನು 7 ಎಂದು ಊಹಿಸುತ್ತದೆ. ಎಳೆಗೂಸಿಗೆ ಗುರುಗಳ ಆಶೀರ್ವಾದವೇ ಸಲ್ಲುತ್ತದೆ.

ಹರಕೆಯ ಉಪವಾಸಕ್ಕೂ ಆಸ್ಪತ್ರೆಯ ಉಪವಾಸಕ್ಕೂ ಗಂಟುಹಾಕಬಾರದು. ಅರಿವಳಿಕೆಯಲ್ಲಿ ಹೊಟ್ಟೆಯಲ್ಲಿರುವುದು ಶ್ವಾಸಕೋಶಕ್ಕೆ ನುಗ್ಗದಿರಲೆಂದು ಡಬ್ಬಿ ಹಾಲನ್ನು 6 ಗಂಟೆ, ಎದೆಹಾಲನ್ನು ಸಾಮಾನ್ಯವಾಗಿ 4 ಗಂಟೆ ಮೊದಲೇ ನಿಲ್ಲಿಸುತ್ತಾರೆ. ಹಾಲೂಡಿಸುವ ತಾಯಿಯಂತೂ ಹೊಟ್ಟೆತುಂಬ ಉಣ್ಣಲೇಬೇಕು.