ಈಜುಕೊಳದ ತೂಬು: ಅಮೆರಿಕದ ಒಂದು ಕಾಯಿದೆಯ ವಿವೇಚನೆ

ಕೆರೆಗೆ ಈಜಲು ಹೊರಟ ಹುಡುಗರಿಗೆ ತೂಬಿನ ಬಳಿ ಸುಳಿಯಬೇಡಿರೆಂದು ಹಿರಿಯರು ಎಚ್ಚರಿಕೆ ಹೇಳುವುದನ್ನು ಹಳ್ಳಿಯಲ್ಲಿ ಬೆಳೆದ ನಮ್ಮ ವಾಚಕರಲ್ಲಿ ಹಲವರು ಕೇಳಿರಬಹುದು. ಮೇಲೆ ನೀರು ಎಷ್ಟೇ ನಿಶ್ಚಲವಾಗಿ ತೋರಿದರೂ ತೂಬಿನ ಬಾಯಲ್ಲಿ ಅದಕ್ಕೆ ಸೆಳೆತವುಂಟು. ನಗರದ ಈಜುಕೊಳದ ತಳದಲ್ಲಿಯೂ ಅಂಥದೇ ಒಂದು ತೂಬು ಇರುತ್ತದೆ. ಆದರೆ ಅದರ ವಿಷಯದಲ್ಲಿ ಎಚ್ಚರಿಕೆ ಹೇಳುವವರು ಕಡಮೆ. ಪಂಪು ಆ ಬಾಯಿಯಿಂದ ನೀರನ್ನೆಳೆದು, ಶೋಧಿಸಿ, ಮರಳಿ ಕೊಳಕ್ಕೆ ಬಿಡುತ್ತದೆ. ಬಾಯಿಯ ಮೇಲೆ ರಂಧ್ರಗಳುಳ್ಳ ಮುಚ್ಚಳವೊಂದಿರುತ್ತದೆ. ಸ್ನಾನಮಾಡುವವನಿಗೂ ಪಂಪಿಗೂ ನಡುವೆ ಇರುವ ರಕ್ಷಣೆ ಅದೊಂದೇ.

ಇದರ ಬಲವನ್ನು ಲೆಕ್ಕಹಾಕುವುದು ಕಠಿನವಲ್ಲ. ಬಾಯಿಯ ವ್ಯಾಸ 20 ಸೆಂಟಿಮೀಟರ್ ಎಂದಿಟ್ಟುಕೊಂಡರೆ ಅದರ ವಿಸ್ತೀರ್ಣ ಸುಮಾರು 314 ಚದರ ಸೆಂಟಿಮೀಟರ್. ವಾಯುಮಂಡಲದ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋಗ್ರಾಂ. ಮಗುವೊಂದು ಆ ಬಾಯಿಯ ಮೇಲೆ ಕುಳಿತು ಅದನ್ನು ಮುಚ್ಚಿತೆನ್ನೋಣ. ಕೊಳವೆಯೊಳಗಿನ ಒತ್ತಡವನ್ನು ಪಂಪು ಅರ್ಧದಷ್ಟು ಇಳಿಸಿದರೂ, ಮಗುವನ್ನು ಅಲ್ಲಿ ಹಿಡಿದಿಡುವ ಬಲ ಸುಮಾರು 157 ಕಿಲೋಗ್ರಾಂ ಭಾರಕ್ಕೆ ಸಮನಾಗುತ್ತದೆ. ನೀರಿನ ಆಳ ಮೊಣಕಾಲುದ್ದವಾದರೇನು, ಆಳುದ್ದವಾದರೇನು, ಇದು ಹೆಚ್ಚು ವ್ಯತ್ಯಾಸವಾಗದು. ತಾಯಿಯ ತೋಳ್ಬಲವೂ ಇಲ್ಲಿ ಸಾಲದು.

ಸಾಲದೆಂಬುದು 2002ರ ಜೂನ್ ತಿಂಗಳಲ್ಲಿ ವರ್ಜೀನಿಯಾ ಸಂಸ್ಥಾನದಲ್ಲಿ ಕಂಡುಬಂದಿತು. ಬಿಸಿನೀರಿನ ತೊಟ್ಟಿಯ, ಎಂದರೆ ಅವರು ಸ್ಪಾ ಎನ್ನುವುದರ, ತೂಬಿಗೆ ಏಳು ವರ್ಷದ ಬಾಲಿಕೆಯೊಬ್ಬಳು ಸಿಕ್ಕಿಕೊಂಡಳು. ತಾಯಿ ಎಷ್ಟು ಎಳೆದರೂ ಬಿಡಿಸಲಾಗಲಿಲ್ಲ. ಕೊನೆಗೆ ಇಬ್ಬರು ಗಂಡಸರು ಎಳೆದ ರಭಸಕ್ಕೆ ಮುಚ್ಚಳವೇ ಮುರಿದು ಬಾಲಿಕೆ ಹೊರಬಂದಳು. ಆದರೆ ಜೀವ ಉಳಿಯಲಿಲ್ಲ. ಆಕೆ ಹಿಂದೆ ವಿದೇಶಾಂಗ ಕಾರ್ಯದರ್ಶಿಯಾಗಿದ್ದ ಜೇಮ್ಸ್ ಬೇಕರ್ ಅವರ ಮೊಮ್ಮಗಳು. ತಾಯಿ ಈ ವಿಷಯವನ್ನು ಶಾಸನಸಭೆಯವರೆಗೆ ಒಯ್ದರು. ಫ್ಲಾರಿಡಾದ ಪ್ರತಿನಿಧಿ ಡೆಬ್ಬಿ ವಾಸರ್‌ಮನ್ ಶುಲ್ಟ್ಸ್ ಮಸೂದೆಯ ಮುಂದಾಳಾದರು. 2007ರ ಬೇಸಗೆಯಲ್ಲಿ ಮಿನ್ನೆಸೋಟಾದಲ್ಲಿ, ಮಕ್ಕಳು ಕಾಲಾಡಿಸುವ ಆಳವಿಲ್ಲದ ಕೊಳದಲ್ಲಿ, ಆರು ವರ್ಷದ ಮತ್ತೊಂದು ಮಗುವಿನ ಕರುಳಿಗೆ ಇದೇ ಸೆಳೆತದಿಂದ ಭಯಂಕರವಾದ ಗಾಯವಾಯಿತು. ಆ ಮಗು 2008ರ ಮಾರ್ಚಿಯಲ್ಲಿ ತೀರಿಕೊಂಡಿತು.

ಅಷ್ಟರಲ್ಲಿ, 2007ರ ಡಿಸೆಂಬರ್ 19ರಂದು, ವರ್ಜೀನಿಯಾ ಗ್ರೇಮ್ ಬೇಕರ್ ಈಜುಕೊಳ ಮತ್ತು ಸ್ಪಾ ಸುರಕ್ಷತಾ ಕಾಯಿದೆಗೆ ಅಧ್ಯಕ್ಷರ ಅಂಕಿತ ಬಿದ್ದಿತ್ತು. ಇಂಧನವನ್ನು ಕುರಿತ ದೊಡ್ಡದೊಂದು ಶಾಸನದ ಹದಿನಾಲ್ಕನೆಯ ಭಾಗವಾಗಿ ಇದು ಹೊರಬಂದಿತೆಂಬುದು ನಮಗೆ ವಿಚಿತ್ರವಾಗಿ ತೋರಿದರೂ ಅಲ್ಲಿನ ಶಾಸನಪದ್ಧತಿಯಲ್ಲಿ ಅಪೂರ್ವವಲ್ಲ. ಕಾಯಿದೆಯ ತಿರುಳು ಇಷ್ಟು: ಒಂದು ವರ್ಷದ ತರುವಾಯ ದೇಶದಲ್ಲಿ ಮಾರುವ ಪ್ರತಿಯೊಂದು ತೂಬುಮುಚ್ಚಳವೂ ಗೊತ್ತುಪಡಿಸಿದ ಮಾನಕಕ್ಕೆ ಒಪ್ಪಬೇಕು, ಸಾರ್ವಜನಿಕ ಕೊಳಗಳಲ್ಲಿ ಹಳೆಯ ಮುಚ್ಚಳಗಳನ್ನೂ ಬದಲಿಸಬೇಕು. ತೂಬು ಒಂದೇ ಆಗಿದ್ದರೆ ಮುಚ್ಚಳವಷ್ಟೇ ಸಾಲದು. ನಿರ್ವಾತ ಉಂಟಾದೊಡನೆ ಅದನ್ನು ಬಿಡಿಸುವ ಅಥವಾ ಪಂಪನ್ನು ತಾನಾಗಿಯೇ ನಿಲ್ಲಿಸುವ ಉಪಕರಣ, ಇಲ್ಲವೆ ಅಂಥದೇ ಇನ್ನೊಂದು ಏರ್ಪಾಡು ಬೇಕು. ತೂಬನ್ನೇ ಮುಚ್ಚಿಬಿಟ್ಟರೂ ಆದೀತು. ಪರಸ್ಪರ ದೂರದಲ್ಲಿ ಎರಡು ತೂಬುಗಳಿದ್ದರೆ ಒಂದು ಮುಚ್ಚಿದಾಗ ನೀರು ಇನ್ನೊಂದರಿಂದ ಹರಿಯುವುದರಿಂದ ಅಪಾಯ ಬಹಳ ತಗ್ಗುತ್ತದೆ. ಇಲ್ಲಿ ‘ಸಾರ್ವಜನಿಕ’ ಎಂಬ ಮಾತಿನಲ್ಲಿ ಹೋಟೆಲಿನ ಕೊಳ, ಕ್ಲಬ್ಬಿನ ಕೊಳ, ಹಲವು ಸಂಸಾರಗಳಿರುವ ವಸತಿಕಟ್ಟಡದ ಕೊಳ ಎಲ್ಲವೂ ಅಡಕವಾಗಿವೆ.

‘ಮುಚ್ಚಲಾಗದ ತೂಬು’ ಎಂಬ ಮತ್ತೊಂದು ಪದ ಜಗಳಕ್ಕೆ ಕಾರಣವಾಯಿತು. ಮನುಷ್ಯದೇಹ ಅಡ್ಡಬಂದರೂ ಸಿಕ್ಕಿಕೊಳ್ಳುವಷ್ಟು ಮುಚ್ಚಲಾಗದ ತೂಬಿಗೆ ಎರಡನೆಯ ಉಪಕರಣ ಬೇಡವೆಂದು ಕಾಯಿದೆ ಹೇಳಿತ್ತು. ಸಣ್ಣ ತೂಬಿನ ಮೇಲೆ ಅಗಲವಾದ ಮುಚ್ಚಳವಿಟ್ಟರೆ ಅದು ‘ಮುಚ್ಚಲಾಗದ್ದು’ ಆಗುವುದೇ? ಆಗುವುದೆಂದು ಗ್ರಾಹಕವಸ್ತು ಸುರಕ್ಷತಾ ಆಯೋಗ 2010ರಲ್ಲಿ ಅರ್ಥಮಾಡಿತು. 2011ರಲ್ಲಿ ಆ ಅರ್ಥವನ್ನು ತಾನೇ ಹಿಂದೆಗೆದುಕೊಂಡಿತು. ಎರಡನೆಯ ನಿರ್ಣಯವೇ ಸರಿಯೆಂದು ನಮ್ಮ ಅಭಿಪ್ರಾಯ. ಮುಚ್ಚಳ ಕಳಚಿದ ದಿನ ಉಳಿಯುವುದು ಹಳೆಯ ಸಣ್ಣ ಬಾಯಿಯೇ ತಾನೆ! ಅದೇ 2011ರ ಮೇ ತಿಂಗಳಲ್ಲಿ, ತಾಳಬಲ್ಲ ನೀರಿನ ಪ್ರಮಾಣವನ್ನು ತಪ್ಪಾಗಿ ನಮೂದಿಸಲಾಗಿದ್ದ ಸುಮಾರು 10 ಲಕ್ಷ ಮುಚ್ಚಳಗಳನ್ನು ಎಂಟು ತಯಾರಕರು ಹಿಂದಕ್ಕೆ ಕರೆಯಬೇಕಾಯಿತು. ಕಾಯಿದೆಗೆ ಮಣಿದು ಹಣ ತೆತ್ತು ಹೊಸ ಮುಚ್ಚಳ ಹಾಕಿಸಿದವರಲ್ಲಿಯೂ ಹಲವರು ಮತ್ತೆ ಮೊದಲಿನಿಂದ ಆರಂಭಿಸಬೇಕಾಯಿತು.

ಇಷ್ಟಾದರೂ ತೂಬಿಗೆ ಸಿಕ್ಕಿ ಆಗುವ ಸಾವುಗಳು ವಿರಳ. ಅಲ್ಲಿ 1ರಿಂದ 4 ವರ್ಷದ ಮಕ್ಕಳ ಮರಣಕಾರಣಗಳಲ್ಲಿ ಮುಂಚೂಣಿಯಲ್ಲಿರುವುದು ನೀರಿನಲ್ಲಿ ಮುಳುಗುವುದು. ಅದರಲ್ಲಿ ದೊಡ್ಡ ಪಾಲು ನಡೆಯುವುದು ಮನೆಯ ಹಿತ್ತಿಲ ಕೊಳದಲ್ಲಿ, ಯಾರೂ ನೋಡದ ಕೆಲವೇ ನಿಮಿಷಗಳಲ್ಲಿ. ಅದಕ್ಕೆ ಬೇಕಾದದ್ದು ಬೇಲಿ, ತಾನಾಗಿ ಮುಚ್ಚಿಕೊಳ್ಳುವ ಬಾಗಿಲು. ಈ ಬೇಲಿಯನ್ನು ಕೇಂದ್ರದ ಕಾಯಿದೆ ವಿಧಿಸಲಿಲ್ಲ. ಅಂಥ ಕಾನೂನು ಮಾಡುವ ಸಂಸ್ಥಾನಗಳಿಗೆ ಸಹಾಯಧನದ ಆಸೆ ತೋರಿಸಿ ಸುಮ್ಮನಾಯಿತು. ನ್ಯೂಜಿಲೆಂಡ್ 1987ರಷ್ಟು ಹಿಂದೆಯೇ ಮನೆಗೊಳಗಳಿಗೆ ಬೇಲಿಯನ್ನು ಕಡ್ಡಾಯಮಾಡಿತ್ತು. ಫ್ರಾನ್ಸ್ 2003ರ ಶಾಸನದಲ್ಲಿ ಬೇಲಿ, ಎಚ್ಚರಿಕೆಯ ಗಂಟೆ, ಹೊದಿಕೆ, ಮಾಡು ಇವುಗಳಲ್ಲಿ ಒಂದಾದರೂ ಇರಬೇಕೆಂದಿತು. ಅಪರೂಪದ ಮರಣವನ್ನು ಆಜ್ಞೆಯಿಂದಲೂ ನಿತ್ಯದ ಮರಣವನ್ನು ಪ್ರೋತ್ಸಾಹಧನದಿಂದಲೂ ತಡೆಯಹೊರಟದ್ದೇ ಅಮೆರಿಕದ ಈ ಕಾಯಿದೆಯ ದೊಡ್ಡ ಕೊರತೆ.

ಮುಂಬಯಿ, ಪುಣೆ, ಹೈದರಾಬಾದುಗಳ ಬಹುಮಹಡಿ ವಸತಿಗಳಲ್ಲಿ ಈಜುಕೊಳವಿರುವುದು ಈಗ ಹೊಸದಲ್ಲ. ನಮ್ಮವರ ಮಕ್ಕಳೂ ಅಲ್ಲಿ ಇಳಿಯುತ್ತಾರೆ. ತಳದಲ್ಲಿ ತೂಬುಗಳೆಷ್ಟು, ಮುಚ್ಚಳದ ತಿರುಪುಗಳೆಲ್ಲ ಇವೆಯೇ, ಪಂಪಿನ ಸ್ವಿಚ್ಚು ಎಲ್ಲಿದೆ, ಅದರ ಕೋಣೆಯ ಬೀಗದಕೈ ಯಾರಲ್ಲಿದೆ ಎಂಬುದನ್ನು ಸಂಘದ ಮುಂದಿನ ಸಭೆಯಲ್ಲಿ ಕೇಳಿ ನೋಡಬಹುದು.