ಹಳೆಯ ನಾವೆಗೆ ಹೊಸ ಹಲಗೆ

ಶಿಕಾರಿಪುರ ತಾಲೂಕಿನ ಬಳ್ಳಿಗಾವಿಯಲ್ಲಿ ಕ್ರಿ.ಶ. 1047ರಲ್ಲಿ ನಿಲ್ಲಿಸಲಾದ ಭೇರುಂಡೇಶ್ವರ ಸ್ತಂಭವನ್ನು ನಮ್ಮ ಕುಟುಂಬಗಳ ಹಲವರು ಕಂಡಿರಬಹುದು. ಅದೇ ಗಂಡಭೇರುಂಡದ ಚಿಹ್ನೆ ಈಗ ಒಂದು ನಾವೆಯ ಹಾಯಿಯನ್ನೂ ಅಲಂಕರಿಸಿದೆ. ಅಜಂತಾದ ವರ್ಣಚಿತ್ರವೊಂದನ್ನು ಆಧರಿಸಿ ನಿರ್ಮಿಸಿದ ಆ 'ಕೌಂಡಿನ್ಯ' 2025ರ ಮೇ 21ರಂದು ಕಾರವಾರದಲ್ಲಿ ನೌಕಾಪಡೆಯನ್ನು ಸೇರಿತು. ಅದರ ಒಡಲಿನ ಹಲಗೆಗಳನ್ನು ಮೊಳೆಗೆ ಬದಲಾಗಿ ತೆಂಗಿನ ನಾರಿನ ಹುರಿಯಿಂದ ಹೊಲಿಯಲಾಗಿದೆ.

ಈ ಹೊಲಿಗೆಯಲ್ಲಿ ಹಿರಿಯರ ದೂರದೃಷ್ಟಿ ಅಡಗಿದೆ. ಹುರಿ ಸವೆದಾಗ ಅದನ್ನು ಬಿಚ್ಚಿ, ಕೆಟ್ಟ ಹಲಗೆಯನ್ನು ತೆಗೆದು, ಹೊಸದನ್ನಿಟ್ಟು ಮರಳಿ ಹೊಲಿಯಬಹುದು. ಕಬ್ಬಿಣದ ಮೊಳೆಯಾದರೋ ತಾನು ತುಕ್ಕು ಹಿಡಿಯುವುದಲ್ಲದೆ ಸುತ್ತಲಿನ ಮರವನ್ನೂ ಕೆಡಿಸುತ್ತದೆ.

ಹಳೆಯ ದೋಣಿಯ ದುರಸ್ತಿಗೆ ಒಂದು ಕ್ರಮವುಂಟು. ಮೊದಲು ಒಡಲು ಬಾಗದಂತೆ ಉದ್ದಕ್ಕೂ ಸಮನಾಗಿ ಆಸರೆ ಕೊಡಬೇಕು. ಬೆನ್ನೆಲುಬಿನಂತಿರುವ ಅಡಿಮರವನ್ನೂ ಪಕ್ಕೆಲುಬಿನಂತಿರುವ ಅಡ್ಡಮರಗಳನ್ನೂ ಪರೀಕ್ಷಿಸಬೇಕು. ಎಲ್ಲವನ್ನೂ ಒಮ್ಮೆಗೇ ಕಿತ್ತರೆ ದೋಣಿ ತನ್ನ ಆಕಾರವನ್ನೇ ಮರೆಯುತ್ತದೆ. ಆದುದರಿಂದ ಒಂದೊಂದೇ ಹಲಗೆಯನ್ನು ತೆಗೆದು, ಅದರ ಅಚ್ಚಿನಲ್ಲೇ ಹೊಸದನ್ನು ಕಡೆದು ಕೂಡಿಸಬೇಕು. ಕೆಟ್ಟ ಹಲಗೆಯೇ ಹೊಸ ಹಲಗೆಗೆ ಅಳತೆ ಹೇಳಿಕೊಡುತ್ತದೆ!

ಮುಂಬಯಿಯಲ್ಲಿ ವಾಡಿಯಾ ಮನೆತನದವರು 1817ರಲ್ಲಿ ಸಾಗುವಾನಿಯಿಂದ ಕಟ್ಟಿದ 'ಟ್ರಿಂಕೋಮಲಿ' ಎಂಬ ಹಡಗನ್ನು ಇಂಗ್ಲೆಂಡಿನ ಹಾರ್ಟ್ಲ್‌ಪೂಲಿನಲ್ಲಿ 1990ರಿಂದ 2001ರವರೆಗೆ ಜೀರ್ಣೋದ್ಧಾರ ಮಾಡಲಾಯಿತು. ಅದರ ಒಡಲಿನ ಬಹುಭಾಗ ಇಂದಿಗೂ ಮೂಲ ಮರವೇ ಆಗಿದೆ.

ಹಲಗೆಗಳೆಲ್ಲವೂ ಬದಲಾದರೆ ಅದು ಅದೇ ನಾವೆಯೇ? ಥೀಸಿಯಸನ ಹಡಗಿನ ಕುರಿತು ತತ್ವಜ್ಞಾನಿಗಳು ಹೀಗೆ ವಾದಿಸುತ್ತಿದ್ದರೆಂದು ಪ್ಲುಟಾರ್ಕ್ ಬರೆದಿದ್ದಾನೆ. ಸೆಮಿನರಿಯಲ್ಲಿ ನಾವೂ ಈ ಪ್ರಶ್ನೆಯ ಮೇಲೆ ಗಂಟೆಗಟ್ಟಲೆ ವಾದಿಸಿದ್ದೆವು. ಉತ್ತರದ ಸುಳಿವು ದೊರೆತುದು ಮಾತ್ರ ಬಹಳ ವರ್ಷಗಳ ಬಳಿಕ, ಸೊರಬದ ಒಬ್ಬ ಬಡಗಿಯಿಂದ.

ಗುರುನಿವಾಸದ ಮಾಡಿನ ತೊಲೆಯೊಂದು ಕುಂಬಾಗಿತ್ತು. ಇಡೀ ಮಾಡನ್ನೇ ಇಳಿಸಿ ಕಾಂಕ್ರೀಟು ಹಾಕಿಸುವುದೆಂದು ನಾವು ನಿಶ್ಚಯಿಸಿದ್ದೆವು. ಆ ಹಿರಿಯರು ಏಣಿ ಹತ್ತಿ ನೋಡಿ ಹೇಳಿದರು: "ಫಾದರ್, ಮರ ಕೆಟ್ಟಿದ್ದು ಆಮೇಲೆ, ಹಂಚು ಒಡೆದದ್ದು ಮೊದಲು. ನೀರು ಬರೋ ದಾರಿ ಮುಚ್ಚದೆ ಹೊಸ ಮರ ಹಾಕಿದರೆ ಅದೂ ಕೆಡುತ್ತೆ." ತೊಲೆಯ ತುದಿಯ ಎರಡು ಮೊಳದಷ್ಟನ್ನು ಮಾತ್ರ ಕತ್ತರಿಸಿ, ಓರೆಯಾಗಿ ಹೊಸ ಮರವನ್ನು ಬೆಸೆದರು. ಉಳಿದ ತೊಲೆ ಗಟ್ಟಿಯಾಗಿಯೇ ಇತ್ತು. ನಮ್ಮ ಆತುರಕ್ಕೆ ಅದು ಬಲಿಯಾಗಬೇಕಿತ್ತು.

ಮರ ಬದಲಾದರೂ ಆಕಾರವನ್ನೂ ಅಳತೆಯನ್ನೂ ಒಬ್ಬರಿಂದೊಬ್ಬರಿಗೆ ದಾಟಿಸುವ ಕೈಗಳಿರುವ ತನಕ ನಾವೆ ಅದೇ ಆಗಿರುತ್ತದೆ. ಆ ಕೈಗಳು ಇಲ್ಲವಾದರೆ ಹಲಗೆಗಳೆಲ್ಲ ಉಳಿದರೂ ಅದು ಕೇವಲ ಮರದ ರಾಶಿ. ಪ್ರಿಯ ವಾಚಕರೇ, ಹಳೆಯ ಮನೆಯನ್ನೋ ಬಾಗಿಲನ್ನೋ ಕೆಡಹುವ ಮುನ್ನ ಊರಿನ ಹಿರಿಯ ಬಡಗಿಯನ್ನು ಒಮ್ಮೆ ಕರೆಸಿರಿ. ಅವರು ಏಣಿ ಹತ್ತುವಾಗ ಕೆಳಗೆ ಹಿಡಿದುಕೊಳ್ಳಲು ನಿಮ್ಮ ಮಗನನ್ನೂ ಮಗಳನ್ನೂ ನಿಲ್ಲಿಸಿರಿ.