ಗಾಡಿ ಎಷ್ಟ್ ಆವರೇಜ್ ಕೊಡ್ತದ್ರಿ?

ಮಹಾಗಾಂವ ಕ್ರಾಸಿನಲ್ಲಿ ಬೈಕ್ ನಿಲ್ಲಿಸಿದವನ ಮುಖವನ್ನು ಯಾರೂ ಮೊದಲು ನೋಡುವುದಿಲ್ಲ, ನಂಬರ್ ಪ್ಲೇಟ್ ನೋಡುತ್ತಾರೆ. ಕೆಎ 32 ಆದರೆ ಕಲಬುರಗಿಯದೇ ಗಾಡಿ, ಕಣ್ಣು ಬೇರೆ ಕಡೆ ಹೊರಳುತ್ತದೆ. ಕೆಎ 38 ಬೀದರ್, ಕೆಎ 56 ಬಸವಕಲ್ಯಾಣ. ಅವೂ ಬೀಗರ ಊರಿನವೇ. ತೆಲಂಗಾಣದ ಗಾಡಿ ಬಂತೆಂದರೆ ಮಾತು ದಖನಿಗೆ ತಿರುಗುತ್ತದೆ: ‘ಕಾಂ ಸೇ ಆರೇಂ ಭಾಯ್?’ ಬೆಂಗಳೂರಿನ ಕೆಎ 05 ಕಂಡರಂತೂ, ಹೆಲ್ಮೆಟ್ ತೆಗೆಯುವಷ್ಟರಲ್ಲಿ ಚಾದಂಗಡಿ ಬೆಂಚಿನ ಮೇಲಿದ್ದವರು ಒತ್ತರಿಸಿ ಕುಳಿತು ಜಾಗ ಮಾಡಿರುತ್ತಾರೆ.

ಪ್ರಶ್ನೆಗಳು ಬರುವ ವರಸೆ ಹೆಚ್ಚೂಕಡಿಮೆ ಒಂದೇ. ಯಾ ಊರ್ರಿ? ಯಾಕಡಿ ಹೊಂಟೀರಿ? ಒಬ್ಬರೇ ಬಂದೀರೇನು? ಮನ್ಯಾಗ ಏನೂ ಅನ್ನಲಿಲ್ಲೇನು? ಅಲ್ಲಿಂದ ಗಾಡಿಗೆ ಇಳಿಯುತ್ತಾರೆ. ಎಷ್ಟ್ ಬಿತ್ತು? ಎಷ್ಟ್ ಆವರೇಜ್ ಕೊಡ್ತದ? 350 ಸಿಸಿ ಬುಲೆಟ್ ಲೀಟರಿಗೆ ಮೂವತ್ತೈದರ ಆಸುಪಾಸು ಎಂದು ಹೇಳಿದಾಗ ಕೇಳಿದವರ ಮುಖದಲ್ಲಿ ಮೂಡುವ ಕನಿಕರವನ್ನು ನೋಡಬೇಕು. ‘ನಮ್ಮ ಸ್ಪ್ಲೆಂಡರ್ ಅರವತ್ತರ ಮ್ಯಾಲ ಕೊಡ್ತದ ನೋಡ್ರಿ’ ಎಂದು ಒಬ್ಬರಾದರೂ ಸಮಾಧಾನ ಹೇಳುತ್ತಾರೆ. ಈ ಸೀಮೆಯಲ್ಲಿ ಬುಲೆಟ್ ಎಂದರೆ ಪಿಎಸ್‌ಐ ಸಾಹೇಬರದ್ದು, ಇಲ್ಲವೇ ಸಾವ್ಕಾರರ ಮಗನದ್ದು. ಹಿಂದೆ ಲಗೇಜು ಕಟ್ಟಿಕೊಂಡು ಊರೂರು ತಿರುಗುವವನು ಎರಡೂ ಅಲ್ಲ. ‘ಕಂಪನಿ ಕಡಿಂದ ಕಳಸ್ಯಾರೇನ್ರಿ?’ ಎಂದು ಒಬ್ಬ ಹುಡುಗ ಕೇಳಿದ. ಇಲ್ಲಪ್ಪ, ಸುಮ್ಮನೆ ನೋಡಲಿಕ್ಕೆ ಹೊರಟಿದ್ದೇನೆ ಎಂದೆ. ‘ಸುಮ್ನ?’ ಎಂದವನು ಪಕ್ಕದವರ ಮುಖ ನೋಡಿದ. ಡೀಸೆಲ್, ಗೊಬ್ಬರ, ಆಳಿನ ಕೂಲಿ ಲೆಕ್ಕ ಹಾಕಿಯೇ ಹಗಲು ಕಳೆಯುವವರ ನಡುವೆ ಅದನ್ನು ವಿವರಿಸುವುದು ಸುಲಭವಲ್ಲ.

ಬೆಂಗಳೂರಿನ ಗೆಳೆಯರಲ್ಲಿ ಕೆಲವರಿಗೆ ಈ ವಿಚಾರಣೆ ಕಿರಿಕಿರಿ. ಇವರಿಗೇಕೆ ನಮ್ಮ ಉಸಾಬರಿ ಎಂದು ಗೊಣಗುತ್ತಾ ಹೈವೇ ಬದಿಯ ಕಾಫಿ ಡೇ ಹುಡುಕುತ್ತಾರೆ. ನನಗೆ ಹಾಗನ್ನಿಸಿಲ್ಲ. ಈ ಕಡೆ ಬಂದವರನ್ನು ಕೂರಿಸಿಕೊಳ್ಳುವ ರೀತಿಯೇ ಅದು. ಯಾವ ಊರು, ಎಲ್ಲಿಗೆ ಎಂಬುದು ಗೊತ್ತಾಗದೆ ಇವನಿಗೆ ನೀರು ಕೊಡಬೇಕೋ, ಊಟದ ಹೊತ್ತೋ, ದಾರಿ ಹೇಳಬೇಕೋ ತಿಳಿಯುವುದಾದರೂ ಹೇಗೆ? ಉತ್ತರ ಕೊಟ್ಟು ನೋಡಿ: ಚಾ ಬರುತ್ತದೆ, ಜೊತೆಗೆ ಸುಸಲಾ–ಮಿರ್ಚಿಯ ಪ್ಲೇಟು ನಿಮ್ಮ ಕಡೆ ಸರಿಯುತ್ತದೆ, ಮುಂದೆ ಯಾವ ತಿರುವಿನಲ್ಲಿ ಕಬ್ಬಿನ ಟ್ರ್ಯಾಕ್ಟರ್ ಅಡ್ಡ ಬರುತ್ತದೆಂಬ ಎಚ್ಚರಿಕೆಯೂ ಸಿಗುತ್ತದೆ. ರೊಕ್ಕ ಕೊಡಲು ಹೋದರೆ ಎದುರು ಬೆಂಚಿನವರು ಆಗಲೇ ಕೊಟ್ಟಿರುತ್ತಾರೆ.

ಅಪರಿಚಿತರು ಈ ದಾರಿಗೆ ಹೊಸಬರೂ ಅಲ್ಲ. ಕಲಬುರಗಿಯಿಂದ ಹುಮನಾಬಾದ್, ಬೀದರ್ ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 50ರಲ್ಲಿ 25 ಕಿ.ಮೀ. ಆಸುಪಾಸು ಹೋದರೆ ಮಹಾಗಾಂವ. ಮತ್ತೊಂದಿಷ್ಟು ಮುಂದೆ, 2018ರಲ್ಲಿ ತಾಲ್ಲೂಕು ಕೇಂದ್ರವಾದ ಕಮಲಾಪುರ. ಒಂದು ತುದಿಯಲ್ಲಿ 1347ರಲ್ಲಿ ಬಹಮನಿ ರಾಜ್ಯ ಕಟ್ಟಿದವರ ಮೊದಲ ರಾಜಧಾನಿ, ಇನ್ನೊಂದು ತುದಿಯಲ್ಲಿ ಅವರೇ ಆಮೇಲೆ ಹೋಗಿ ನೆಲೆಸಿದ ಬೀದರ್. ನಡುವೆ ಬಸವಕಲ್ಯಾಣದ ಕಡೆ ಹೊರಳುವ ದಾರಿ. ಹನ್ನೆರಡನೆಯ ಶತಮಾನದಲ್ಲಿ ಕಾಶ್ಮೀರದಿಂದ ಬಂದನೆಂದು ಹೇಳುವ ಮೋಳಿಗೆಯ ಮಾರಯ್ಯನೂ ಅಲ್ಲಿ ಸೌದೆ ಹೊತ್ತು ಬದುಕಿದ. ಖಾಜಾ ಬಂದೇ ನವಾಜ್ ದರ್ಗಾದ ಉರುಸಿಗೆ, ಶರಣಬಸವೇಶ್ವರರ ಜಾತ್ರೆಗೆ, ಗಾಣಗಾಪುರದ ದತ್ತನಿಗೆ ಎಂದು ಮೂರು ರಾಜ್ಯಗಳ ಜನ ವರ್ಷವಿಡೀ ಈ ರಸ್ತೆಗಳಲ್ಲಿ ಓಡಾಡುತ್ತಾರೆ. ಅರಳಗುಂಡಗಿಯಲ್ಲಿ 1746ರಲ್ಲಿ ಹುಟ್ಟಿದ ಶರಣಬಸವೇಶ್ವರರನ್ನು ಈ ಭಾಗದವರು ನೆನೆಯುವುದೇ ದಾಸೋಹಕ್ಕೆ. ಹೊಲದ ಜೋಳವನ್ನು ಹಕ್ಕಿಗೆ ಬಿಟ್ಟು, ಕುಡಿಯಲು ನೀರನ್ನೂ ಇಟ್ಟವರು ಅವರು ಎಂಬ ಕಥೆ ಇಲ್ಲಿನ ಮಕ್ಕಳಿಗೂ ಗೊತ್ತು. ಹೀಗೆ ಬೆಳೆದ ಜನಕ್ಕೆ ಬೈಕಿನವನೊಬ್ಬ ದೊಡ್ಡ ಸಂಗತಿಯಲ್ಲ, ಅವನ ಆವರೇಜ್ ಮಾತ್ರ ಚಿಂತೆಯ ವಿಷಯ.

ಕಾರಿನವರಿಗೆ ಇದೆಲ್ಲ ಯಾಕೆ ಸಿಗುವುದಿಲ್ಲ? ಗಾಜು, ಎಸಿ, ಒಳಗೆ ಅವರದೇ ಮಂದಿ. ಬೈಕಿನವನು ಬಿಸಿಲಿಗೆ ಸುಟ್ಟು, ಧೂಳು ಮೆತ್ತಿಕೊಂಡು, ಸೊಂಟ ಹಿಡಿದುಕೊಂಡು ಇಳಿಯುತ್ತಾನೆ. ಅವನಿಗೆ ಏನಾದರೂ ಬೇಕಾಗಿದೆ ಎಂಬುದು ನೋಡಿದವರಿಗೇ ಗೊತ್ತಾಗುತ್ತದೆ, ಮಾತಿಗೆ ಅಷ್ಟು ಸಾಕು. ಟೆಡ್ ಸೈಮನ್ ಎಂಬ ಬ್ರಿಟಿಷ್ ಪತ್ರಕರ್ತ 1973ರಲ್ಲಿ ಟ್ರಯಂಫ್ ಬೈಕ್ ಏರಿ ಹೊರಟು ನಾಲ್ಕು ವರ್ಷ ಜಗತ್ತು ಸುತ್ತಿದ. ಅವನು ಬರೆದ ‘ಜುಪಿಟರ್ಸ್ ಟ್ರಾವೆಲ್ಸ್’ ಓದಿದವರಿಗೆ ಬೈಕಿಗಿಂತ, ಅದು ಕೆಟ್ಟು ನಿಂತಲ್ಲೆಲ್ಲ ಸಿಕ್ಕಿದ ಜನ ನೆನಪಿನಲ್ಲಿ ಉಳಿಯುತ್ತಾರೆ.

ಗಾಡಿಯೂ ಮಾತಾಡಿಸುತ್ತದೆ. ಗೆಳೆಯನ ಹಳೆಯ ಯೆಜ್ಡಿ ಜೊತೆಗಿದ್ದಾಗ ನನ್ನ ಬುಲೆಟ್ಟನ್ನು ಯಾರೂ ಮೂಸಿಯೂ ನೋಡಲಿಲ್ಲ. 1961ರಿಂದ 1996ರವರೆಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ನಡೆದಿತ್ತಲ್ಲ, ಆ ಕಾಲದವರು ಇನ್ನೂ ಇದ್ದಾರೆ. ಅರವತ್ತು ದಾಟಿದ ಒಬ್ಬರು ಬಂದು, ಕಿಕ್ಕರ್ ಅನ್ನೇ ಒಳಕ್ಕೆ ಒತ್ತಿ ಮುಂದಕ್ಕೆ ತಿರುಗಿಸಿ ಗೇರ್ ಲಿವರ್ ಮಾಡಿ ತೋರಿಸಿ, ಯಾರ ಕಡೆಯೂ ನೋಡದೆ ಹೊರಟುಹೋದರು.

ನಿಂತಾಗ ಸಿಗುವವರದ್ದು ಒಂದು ಬಗೆ, ಹಿಂದೆ ಹತ್ತುವವರದ್ದು ಇನ್ನೊಂದು. ಒಂಟಿ ಸವಾರನ ಹಿಂದಿನ ಸೀಟು ಖಾಲಿ ಇದ್ದರೆ ಅದು ಊರಿನವರದ್ದೇ ಎಂಬುದು ಈ ಕಡೆಯ ಅಲಿಖಿತ ನಿಯಮ. ಅದಕ್ಕೆಂದೇ ನಾನು ಇನ್ನೊಂದು ಹೆಲ್ಮೆಟ್ ಕಟ್ಟಿಕೊಂಡು ಹೋಗುತ್ತೇನೆ. ಕ್ರಾಸಿನಲ್ಲಿ ಒಬ್ಬ ಮುತ್ಯಾ ಕೈ ಮಾಡಿದ. ಧೋತರ, ರುಮಾಲು, ಬಗಲಲ್ಲಿ ಪ್ಲಾಸ್ಟಿಕ್ ಚೀಲ, ಅದರೊಳಗೆ ಕಾಗದ. ‘ಕಮಲಾಪುರ ತನಾ ಬಿಡ್ತಿಯೇನೋ ತಮ್ಮಾ? ತಹಸೀಲ್ ಆಫೀಸಿಗಿ ಹೋಗಬೇಕು.’ ಹೆಲ್ಮೆಟ್ ಕೊಟ್ಟೆ. ರುಮಾಲು ಬಿಚ್ಚಲು ಮನಸ್ಸಿಲ್ಲ, ಬಿಚ್ಚದೆ ಹೆಲ್ಮೆಟ್ ಇಳಿಯುವುದಿಲ್ಲ. ಕೊನೆಗೆ ರುಮಾಲನ್ನು ಮಡಚಿ ಅಂಗಿಯೊಳಗೆ ಎದೆಗೆ ಇಟ್ಟುಕೊಂಡು, ಹೆಲ್ಮೆಟನ್ನು ಹಿಂದುಮುಂದಾಗಿ ಹಾಕಿಕೊಂಡ. ತಿರುಗಿಸಿ ಕೂರಿಸಿದಾಗ ‘ಇದರಾಗ ಕಿವಿ ಕೇಳ್ಸಂಗಿಲ್ಲಲ್ಲೋ’ ಎಂದ. ಹಾಗಾಗಿ ದಾರಿಯುದ್ದಕ್ಕೂ ಅವನು ಹೇಳಿದ, ನಾನು ಕೇಳಿದೆ.

ಅವನು ಹೇಳಿದ್ದೆಲ್ಲ ಹೊಲದ ಸುದ್ದಿ. ಹೆಗಲ ಮೇಲಿಂದ ಕೈ ಚಾಚಿ ಎಡಗಡೆ ತೋರಿಸುತ್ತಾನೆ, ಗಾಡಿ ಎಡಕ್ಕೆ ಎಳೆಯುತ್ತದೆ. ಬಲಗಡೆ ತೋರಿಸುತ್ತಾನೆ, ಬಲಕ್ಕೆ. ಇದು ಅವರ ತಮ್ಮಂದು, ಇದು ಮಾರಿದ್ದು, ಈ ಹೊಲದಾಗ 2022ರಾಗ ನೆಟೆ ಹತ್ತಿ ತೊಗರಿ ನಿಂತಲ್ಲೇ ಒಣಗಿತು. ನೆಟೆ ರೋಗದ ಸುದ್ದಿಯನ್ನು ಆ ವರ್ಷ ಪತ್ರಿಕೆಯಲ್ಲಿ ನಾನೂ ಓದಿದ್ದೆ. ಬೇರಿನಿಂದ ಏರುವ ಶಿಲೀಂಧ್ರ, ಕಾಯಿ ಕಟ್ಟುವ ಹೊತ್ತಿಗೆ ಗಿಡ ಬಾಡುತ್ತದೆ, ಮುಂದಿನ ವರ್ಷಕ್ಕೂ ಮಣ್ಣಿನಲ್ಲೇ ಉಳಿಯುತ್ತದೆ. ಆದರೆ ಹೂವು, ಕಾಯಿ ಎಲ್ಲ ಕಂಡ ಮೇಲೆ ಗಿಡ ಸಾಯುವುದೆಂದರೆ ಏನೆಂದು ತಿಳಿದದ್ದು ಮುತ್ಯಾನ ಮಾತಿನಿಂದ: ‘ಸಾಲ ಕೊಟ್ಟಾತ ಬಂದು ಹೊಲ ನೋಡಿ, ಏ ಛಲೋ ಬಂದದ ಅಂತ ಹೇಳಿ ಹೋಗಿದ್ದ. ಎಂಟು ದಿನದಾಗ ಹಿಂಗಾತು.’ ಕಮಲಾಪುರದಲ್ಲಿ ಇಳಿದವನು ರುಮಾಲು ಸುತ್ತಿಕೊಳ್ಳುವವರೆಗೆ ಮಾತಾಡಲಿಲ್ಲ. ಸುತ್ತಿಕೊಂಡು, ಹೆಲ್ಮೆಟ್ ವಾಪಸ್ ಕೊಟ್ಟು, ‘ಜೋರ್ ಹೊಡೀಬ್ಯಾಡ’ ಎಂದು ಆಫೀಸಿನ ಕಡೆ ನಡೆದ. ಹೆಸರನ್ನು ಅವನೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ವರ್ಷಕ್ಕೊಮ್ಮೆ ಈ ಎಲ್ಲ ಆಕಸ್ಮಿಕವೂ ಹಬ್ಬವಾಗುತ್ತದೆ. ಎಳ್ಳಮಾವಾಸ್ಯೆಯ ದಿನ ಕಲಬುರಗಿ, ಬೀದರ್ ಸೀಮೆಯ ಊರುಗಳು ಮಧ್ಯಾಹ್ನಕ್ಕೆ ಖಾಲಿ, ಜನವೆಲ್ಲ ಹೊಲದಲ್ಲಿ. ಹೊಲಕ್ಕೆ ಚರಗ ಚೆಲ್ಲಿ, ಮರದ ಕೆಳಗೆ ಬುತ್ತಿ ಬಿಚ್ಚುತ್ತಾರೆ. ರಸ್ತೆಯಲ್ಲಿ ಹೋಗುವವರನ್ನು ಕೈಬೀಸಿ ಕರೆಯುತ್ತಾರೆ, ಪರಿಚಯ ಬೇಕಿಲ್ಲ. ಸಜ್ಜೆ ರೊಟ್ಟಿ, ಎಳ್ಳು ಹಚ್ಚಿದ ಜೋಳದ ರೊಟ್ಟಿ, ಕಡಬು, ಶೇಂಗಾ ಹಿಂಡಿ, ಅಂಬಲಿ, ಎಲ್ಲದಕ್ಕೂ ಮೇಲೆ ಭಜ್ಜಿ. ಇದು ಎಣ್ಣೆಯಲ್ಲಿ ಕರಿಯುವ ಭಜಿ ಅಲ್ಲ. ಹಸಿ ತೊಗರಿ, ಅವರೆ, ಬಟಾಣಿ, ಶೇಂಗಾ, ಹೊಲದಲ್ಲಿ ಕೈಗೆ ಸಿಕ್ಕ ಸೊಪ್ಪು, ಹುಣಸೆ ಹುಳಿ, ಕಡಲೆ ಹಿಟ್ಟು ಎಲ್ಲ ಸೇರಿ ಕುದ್ದ ಗಟ್ಟಿ ಪಲ್ಯ. ಮೊದಲ ಹೊಲದಲ್ಲಿ ಹೊಟ್ಟೆ ತುಂಬ ಉಂಡವನು ಎರಡನೆಯ ಹೊಲ ದಾಟುವುದು ಕಷ್ಟ, ಏಕೆಂದರೆ ಅಲ್ಲಿಯೂ ಕರೆಯುತ್ತಾರೆ, ಒಲ್ಲೆ ಎಂದರೆ ಮುನಿಸು. ಡಿಸೆಂಬರ್, ಜನವರಿಯಲ್ಲಿ ಬರುವ ಈ ಹಬ್ಬ ಬೈಕ್ ಹೊಡೆಯಲು ಹೇಳಿಮಾಡಿಸಿದ ಕಾಲ. ಏಪ್ರಿಲ್‌ನಲ್ಲಿ ಇದೇ ರಸ್ತೆ ಹೆಲ್ಮೆಟ್ಟಿನೊಳಗೆ ತಲೆ ಬೇಯಿಸುತ್ತದೆ.

ಎಲ್ಲವೂ ಭಜ್ಜಿ, ಅಂಬಲಿ ಎಂದು ಬರೆದರೆ ಸುಳ್ಳಾದೀತು. ‘ಯಾ ಊರ್ರಿ’ ಎಂದು ಶುರುವಾದದ್ದು ಕೆಲವೊಮ್ಮೆ ‘ನೀವು ಯಾ ಮಂದಿ?’ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಶರಣರ ನೆಲದಲ್ಲಿಯೇ ಈ ಪ್ರಶ್ನೆ ಬರುತ್ತದೆ, ಕೇಳುವವರ ದನಿಯಲ್ಲಿ ಸಂಕೋಚವೂ ಇರುವುದಿಲ್ಲ. ನಾನು ಉತ್ತರಿಸುವುದಿಲ್ಲ, ಆಮೇಲೆ ಬೆಂಚಿನ ಮೇಲಿನ ಮಾತು ತುಸು ತಣ್ಣಗಾಗುವುದನ್ನೂ ಕಂಡಿದ್ದೇನೆ. ನನಗೆ ಅದು ಒಂದು ಕಪ್ ಚಾದ ಮುಜುಗರ, ಉತ್ತರ ಕೊಟ್ಟರೆ ಕಪ್ಪೇ ಬೇರೆಯಾದೀತೆಂದು ಹೆದರುವವರಿಗೆ ಹಾಗಲ್ಲ. ಹೆಂಗಸರಿಗೆ ಬರುವ ಪ್ರಶ್ನೆಗಳೂ ಬೇರೆ. ಹುಬ್ಬಳ್ಳಿಯ ಕ್ಯಾಂಡಿಡಾ ಲೂಯಿಸ್ 2018ರಲ್ಲಿ ಬೆಂಗಳೂರಿನಿಂದ ಸಿಡ್ನಿವರೆಗೆ ಒಬ್ಬರೇ ಬೈಕಿನಲ್ಲಿ ಹೋದರು. ಆದರೂ ಬೈಕ್ ಓಡಿಸುವ ಗೆಳತಿಯೊಬ್ಬಳು ಹೇಳುವಂತೆ, ‘ಒಬ್ಬರೇ ಬಂದೀರೇನು’ ಎಂಬ ಅದೇ ಪ್ರಶ್ನೆಗೆ ನಾನು ಹೌದೆನ್ನುತ್ತೇನೆ, ಅವಳು ‘ಹಿಂದ ಬರ್ಲಾಕತ್ತಾರ’ ಎನ್ನುತ್ತಾಳೆ. ಪ್ರಶ್ನೆ ಕೇಳಿದವರು ಅವ್ವಂದಿರಾದರೆ ಮಾತ್ರ ಅವಳು ನಿಜ ಹೇಳುವುದು.

ಇನ್ನು ಅಪಘಾತದ ಮಾತು. 2022ರ ಜೂನ್ 3ರ ಬೆಳಗ್ಗೆ ಗೋವಾದಿಂದ ಹೈದರಾಬಾದಿಗೆ ಹೊರಟಿದ್ದ ಖಾಸಗಿ ಬಸ್ಸೊಂದು ಕಮಲಾಪುರದ ಬಳಿ ಅಪಘಾತಕ್ಕೀಡಾಗಿ ಹೊತ್ತಿ ಉರಿದು ಏಳು ಜನ ಸತ್ತರು. ರಸ್ತೆಯಲ್ಲಿ ಬಿದ್ದವನ ಬಳಿ ಮೊದಲು ಓಡಿಬರುವುದು ಆಂಬುಲೆನ್ಸ್ ಅಲ್ಲ, ಪಂಚರ್ ಅಂಗಡಿಯವನು, ಹೊಲದವನು, ಹಿಂದಿನ ಗಾಡಿಯವನು. ಪೊಲೀಸು, ಕೋರ್ಟು ಎಂದು ಹೆದರಿ ದೂರ ನಿಲ್ಲುವ ಕಾಲವೊಂದಿತ್ತು. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿಯಲ್ಲಿ ಸೇರಿದ 134ಎ ಕಲಮು ಹೀಗೆ ನೆರವಾದವರ ಮೇಲೆ ಕೇಸು ಬೀಳದಂತೆ ಕಾಯುತ್ತದೆ. ಹೆಸರು, ವಿಳಾಸ ಹೇಳಲೇಬೇಕೆಂದೂ ಇಲ್ಲ. ಇದನ್ನು ಚಾದಂಗಡಿಯಲ್ಲಿ ಹೇಳಿದಾಗ ನಂಬಿದವರು ಕಡಿಮೆ. ಬೆಂಚಿನ ಮೇಲಿನ ಹರಟೆಗೆ ಒಂದು ಉಪಯೋಗ ಇರುವುದಾದರೆ ಇದೇ, ಪ್ರತಿಸಲ ಹೇಳುತ್ತಿದ್ದೇನೆ.

ಷಿಕಾಗೊದಲ್ಲಿ ನಿಕೊಲಸ್ ಎಪ್ಲಿ, ಜೂಲಿಯಾನಾ ಶ್ರೋಡರ್ ಎಂಬಿಬ್ಬರು ಸಂಶೋಧಕರು ರೈಲಿನಲ್ಲಿ ಕೆಲಸಕ್ಕೆ ಹೋಗುವವರನ್ನು ಪರೀಕ್ಷೆಗೆ ಹಚ್ಚಿ 2014ರಲ್ಲಿ ಫಲಿತಾಂಶ ಪ್ರಕಟಿಸಿದರು. ಕೆಲವರಿಗೆ ಪಕ್ಕದ ಅಪರಿಚಿತರೊಡನೆ ಮಾತಾಡಿ ಎಂದರು, ಕೆಲವರಿಗೆ ಸುಮ್ಮನಿರಿ ಎಂದರು. ಮಾತಾಡುವುದು ಬೇಸರ ತಂದೀತೆಂದೇ ಜನ ಊಹಿಸಿದ್ದು. ಆದರೆ ಮಾತಾಡಿದವರ ಪಯಣವೇ ಹೆಚ್ಚು ಹಿತವಾಗಿತ್ತು. ಮಹಾಗಾಂವ ಕ್ರಾಸಿನವರಿಗೆ ಈ ಸಂಶೋಧನೆ ಓದಿ ಹೇಳಿದರೆ, ಅದಕ್ಕೂ ಪಗಾರ ಕೊಡ್ತಾರೇನ್ರಿ ಎಂದು ಕೇಳಿಯಾರು. ಈಗಿನ ಸವಾರರ ಹೆಲ್ಮೆಟ್ಟಿನೊಳಗೆ ಬ್ಲೂಟೂತ್ ಬಂದಿದೆ. ಗುಂಪಿನಲ್ಲಿ ಹತ್ತು ಗಾಡಿ ಬಂದರೂ ಅವರವರೇ ಮಾತಾಡಿಕೊಂಡು, ದಾರಿಯನ್ನು ಮೊಬೈಲಿಗೆ ಕೇಳಿಕೊಂಡು, ಹೆಲ್ಮೆಟ್ ತೆಗೆಯದೆ ನೀರು ಕುಡಿದು ಹೋಗುತ್ತಾರೆ. ಹೆಲ್ಮೆಟ್ ತೆಗೆಯದವರ ನಂಬರ್ ಪ್ಲೇಟನ್ನು ಯಾರೂ ಓದುವ ಗೋಜಿಗೆ ಹೋಗುವುದಿಲ್ಲ.

ಕಮಲಾಪುರದಲ್ಲಿ ನಿಲ್ಲಲು ಬೇರೆ ಕಾರಣವೇ ಇದೆ: ಭೌಗೋಳಿಕ ಸೂಚಿಕೆ ಪಡೆದ ಕೆಂಪು ಬಾಳೆ. ಗೊನೆ ಕೈಗೆ ಬರಲು ಒಂದೂವರೆ ವರ್ಷದ ಹತ್ತಿರ ಬೇಕು, ಅದಕ್ಕೇ ಬೆಲೆಯೂ ಏರು, ಬೆಳೆಯುವವರೂ ಕಡಿಮೆ. ರಸ್ತೆ ಬದಿಯ ಗಾಡಿಯವನು ನಾನು ಆರಿಸಿದ ಹಣ್ಣನ್ನು ಕೈಯಿಂದ ಕಿತ್ತುಕೊಂಡು ಬೇರೆ ಕೊಟ್ಟ. ‘ಅದು ಇವತ್ತ ತಿನ್ನಬ್ಯಾಡ್ರಿ, ನಾಡಿದ್ದಿಗಿ ಆಗ್ತದ. ಬೀದರಕ್ ಹೋಗೋ ತನಾ ಇದು ತಿನ್ರಿ.’ ಬೀದರಿಗೆ ಹೋಗುವವನೆಂದು ನಾನಿನ್ನೂ ಹೇಳಿರಲಿಲ್ಲ. ಆಮೇಲೆ ಅವನ ಸರದಿ: ‘ಬೆಂಗಳೂರಾಗ ಇದು ಎಷ್ಟಕ್ಕ ಹೋಗ್ತದ್ರಿ?’ ನಮ್ಮ ಬಡಾವಣೆಯ ಅಂಗಡಿಯ ರೇಟು ಹೇಳಿದೆ. ಅವನು ಏನೂ ಅನ್ನಲಿಲ್ಲ. ನಾನು ಚೀಲ ಕಟ್ಟುತ್ತಿದ್ದಾಗ ಹಿಂದೆ ಒಂದು ಕಾರು ಬಂದು ನಿಂತಿತು, ಗಾಜು ಅರ್ಧ ಇಳಿಯಿತು. ಡಜನ್‌ಗೆ ನನಗೆ ಹೇಳಿದ್ದಕ್ಕಿಂತ ಇಪ್ಪತ್ತು ರೂಪಾಯಿ ಹೆಚ್ಚು ಹೇಳಿದ.